ನಿಲ್ಲಲು ಆಗದವರ ತೂಕ ನೋಡುವುದು ಹೇಗೆ

ಎದ್ದು ನಿಲ್ಲಲು ಆಗದವರ ಆಸ್ಪತ್ರೆ ಕಡತ ತೆಗೆದು ನೋಡಿ. ತೂಕ ಬರೆಯುವ ಜಾಗ ಎಷ್ಟೋ ಸಲ ಖಾಲಿ ಇರುತ್ತದೆ. ಸಂಖ್ಯೆ ಇದ್ದರೂ ಅದು ಯಾರೋ ಕಣ್ಣಳತೆಯಲ್ಲಿ ಹಾಕಿದ್ದಾಗಿರುತ್ತದೆ, ಇಲ್ಲವೇ "ಹೋದ ಸಲ ಎಷ್ಟಿತ್ತು?" ಎಂದು ಮನೆಯವರನ್ನೇ ಕೇಳಿ ಬರೆದುಕೊಂಡಿದ್ದಾಗಿರುತ್ತದೆ. ನಡೆದು ಬರುವವರಿಗೆ ಹೀಗೆ ಯಾರೂ ಮಾಡುವುದಿಲ್ಲ. ಯಂತ್ರದ ಮೇಲೆ ಹತ್ತಿ ಎನ್ನುತ್ತಾರೆ, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಹತ್ತಲು ಆಗದವರಿಗೂ ಸರಿಯಾದ ತೂಕ ಗೊತ್ತಿರಬೇಕು. ನನ್ನ ಪ್ರಕಾರ ಅವರಿಗೇ ಅದು ಜಾಸ್ತಿ ಬೇಕು.

ಯಾಕೆ ಅಂದರೆ, ಕೆಲವು ಔಷಧಿಗಳ ಪ್ರಮಾಣ ನಿಲ್ಲುವುದೇ ಕಿಲೋ ಲೆಕ್ಕದ ಮೇಲೆ. ಮಕ್ಕಳ ಫಿಟ್ಸ್ ಔಷಧಿ ಹಾಗೆ, ಅರಿವಳಿಕೆಯೂ ಹಾಗೆ. ಗಾಳಿ ಹಾಸಿಗೆಯ ಒತ್ತಡ ಎಷ್ಟಿಡಬೇಕು, ಎತ್ತುವ ಯಂತ್ರ ಎಷ್ಟು ಭಾರ ತಡೆಯುತ್ತದೆ ಎನ್ನುವುದಕ್ಕೂ ತೂಕ ಬೇಕು. ಎಲ್ಲಕ್ಕಿಂತ ಮುಖ್ಯ, ನುಂಗುವ ತೊಂದರೆ ಶುರುವಾದಾಗ, ಒಳಗೆ ಏನೋ ಸೋಂಕು ಸೇರಿಕೊಂಡಾಗ, ಹೇಳಿಕೊಳ್ಳಲು ಆಗದ ನೋವಿರುವಾಗ, ಎಷ್ಟೋ ಸಲ ಮೊದಲು ಸುಳಿವು ಕೊಡುವುದು ಇಳಿಯುತ್ತಿರುವ ತೂಕವೇ. ದಿನಾ ಕಣ್ಣೆದುರಿಗೇ ಇರುವವರು ಸೊರಗುತ್ತಿದ್ದರೂ ನಮಗೆ ಗೊತ್ತಾಗುವುದಿಲ್ಲ. ಅಗಲವಾದ ಬಟ್ಟೆ, ಮೇಲೊಂದು ಹೊದಿಕೆ ಇದ್ದರಂತೂ ಇನ್ನೂ ಕಷ್ಟ.

ಹಾಗಾಗಿ ಮಾಡಬೇಕಾದ್ದು ಇಷ್ಟು. ನಿಮಗೆ ಆಗುವ ಒಂದು ದಾರಿ ಹಿಡಿಯಿರಿ, ಪ್ರತಿ ಸಲವೂ ಅದೇ ದಾರಿಯಲ್ಲಿ ತೂಗಿ, ಬರೆದಿಡಿ, ಸಂಖ್ಯೆ ಯಾವ ಕಡೆ ಹೋಗುತ್ತಿದೆ ಎಂದು ನೋಡುತ್ತಿರಿ. ಒಂದು ದಿನದ ತೂಕ ಹೆಚ್ಚೇನೂ ಹೇಳುವುದಿಲ್ಲ. ಆರು ತಿಂಗಳ ತೂಕ ತುಂಬಾ ಹೇಳುತ್ತದೆ.

ಮೊದಲು ಅವರನ್ನೇ ಕೇಳಿ

ತೂಗುವುದು ಅವರ ಮೈಯನ್ನು. ಹಾಗಾಗಿ ಅವರನ್ನು ಕೇಳಿಯೇ ಶುರು ಮಾಡಬೇಕು. ಮಾತು ಬಾರದವರಾದರೂ ಏನು ಮಾಡುತ್ತಿದ್ದೇವೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳಿ, ಮುಖ ನೋಡಿ, ಒಪ್ಪಿಗೆ ಇದೆಯೋ ಇಲ್ಲವೋ ತಿಳಿದುಕೊಳ್ಳಿ. ಎತ್ತುವ ಯಂತ್ರಕ್ಕೆ ಕಟ್ಟುವ ಬಟ್ಟೆಯ ಜೋಲಿಯಲ್ಲಿ (ಸ್ಲಿಂಗ್) ಗಾಳಿಯಲ್ಲಿ ತೂಗಾಡುವುದು ಎಷ್ಟೋ ಜನಕ್ಕೆ ನಿಜಕ್ಕೂ ಭಯ. ಹೆದರಿಕೆಗೆ ಮೈ ಬಿಗಿಯುತ್ತದೆ, ಬಿಗಿದಾಗ ನೋವಾಗುತ್ತದೆ, ಆಮೇಲೆ ತೂಕದ ಹೆಸರೆತ್ತಿದರೇ ಬೇಡ ಎನ್ನುತ್ತಾರೆ. ಸಂಖ್ಯೆಯನ್ನು ಎಲ್ಲರೆದುರು ಜೋರಾಗಿ ಓದಬೇಡಿ. "ಅಬ್ಬಾ, ಎತ್ತೋಕೇ ಆಗಲ್ಲ" ಎನ್ನುವ ಮಾತು ಯಾರ ಬಾಯಿಂದಲೂ ಬರಬಾರದು. ನೆರವಿಗೆ ಬಂದವರು ಹಾಗೆ ಅಂದರೆ ಅಲ್ಲೇ ತಡೆಯಿರಿ.

ವೀಲ್‌ಚೇರ್ ಸಮೇತ ತೂಗುವುದು

ಬಹಳ ಜನಕ್ಕೆ ಸುಲಭವಾಗುವ ದಾರಿ ಇದು. ನೆಲಕ್ಕೆ ಹತ್ತಿಕೊಂಡ ಹಾಗೆ ಚಪ್ಪಟೆಯಾದ ದೊಡ್ಡ ಹಲಗೆ, ಅದಕ್ಕೆ ಏರಲು ಸಣ್ಣ ಇಳಿಜಾರು, ಪಕ್ಕದಲ್ಲಿ ಸಂಖ್ಯೆ ತೋರಿಸುವ ಪರದೆ. ಕುರ್ಚಿಯಲ್ಲಿ ಕೂತ ಹಾಗೇ ಹಲಗೆಯ ಮೇಲೆ ಹೋಗಿ ನಿಲ್ಲುವುದು, ಒಟ್ಟು ತೂಕ ನೋಡುವುದು, ಖಾಲಿ ಕುರ್ಚಿಯ ತೂಕ ಕಳೆಯುವುದು.

ಮನೆಗೇ ಒಂದನ್ನು ತರುವುದು ಎಲ್ಲರಿಗೂ ಆಗುವ ಮಾತಲ್ಲ, ತರಲೇಬೇಕು ಅಂತಲೂ ಇಲ್ಲ. ತಿಂಗಳಿಗೊಮ್ಮೆ ಬಳಸಲು ಸಿಕ್ಕಿದರೆ ಸಾಕು. ಎಲ್ಲಿ ಸಿಗುತ್ತದೆ? ಡಯಾಲಿಸಿಸ್ ನಡೆಯುವ ಕಡೆ ಮೊದಲು ವಿಚಾರಿಸಿ. ಅಲ್ಲಿ ಪ್ರತಿ ಸಲ ಡಯಾಲಿಸಿಸ್‌ಗೆ ಮೊದಲು ಮತ್ತು ಆಮೇಲೆ ರೋಗಿಯ ತೂಕ ನೋಡಲೇಬೇಕು, ಎಷ್ಟು ನೀರು ತೆಗೆಯಬೇಕು ಎಂಬ ಲೆಕ್ಕ ಇರುವುದೇ ಅದರ ಮೇಲೆ. ವೀಲ್‌ಚೇರಿನಲ್ಲಿ ಬರುವವರೂ ಅಲ್ಲಿ ಇರುತ್ತಾರೆ, ಆದ್ದರಿಂದ ಇಂಥ ಯಂತ್ರ ಇರುವ ಸಾಧ್ಯತೆ ಜಾಸ್ತಿ. ಬೆನ್ನುಹುರಿ ಪೆಟ್ಟಿನವರನ್ನು ನೋಡುವ ಪುನಶ್ಚೇತನ ಘಟಕ, ದೊಡ್ಡ ಫಿಸಿಯೋಥೆರಪಿ ಕೇಂದ್ರ, ವಿಶೇಷ ಮಕ್ಕಳ ಶಾಲೆ ಇಂಥ ಕಡೆಯೂ ಕೇಳಬಹುದು. ಸುಮ್ನೆ ಹೋಗಿ ನಿಲ್ಲಬೇಡಿ, ಮೊದಲೇ ಫೋನ್ ಮಾಡಿ, ಹಲಗೆಯ ಅಗಲ ಎಷ್ಟು, ಎಷ್ಟು ಕಿಲೋವರೆಗೆ ತೂಗುತ್ತದೆ ಎಂದು ಕೇಳಿಕೊಂಡು ಹೋಗಿ. ಸರಕು ತೂಗುವ ಗೋದಾಮಿನ ಯಂತ್ರಕ್ಕೆ ಹೋಗಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಲೆಕ್ಕಕ್ಕೆ ಅದೂ ತೂಕವೇ, ಆದರೆ ಮನುಷ್ಯರನ್ನು ಮೂಟೆಗಳ ಸಾಲಿನಲ್ಲಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಅವರೇ "ಪರವಾಗಿಲ್ಲ, ನಡೆಯಿರಿ" ಅಂದರೆ ಮಾತ್ರ ಹೋಗಿ.

ಈಗ ತೂಗುವ ಕ್ರಮ. ಹಲಗೆ ಗಟ್ಟಿ ನೆಲದ ಮೇಲೆ ಇರಬೇಕು. ಜಮಖಾನ, ಮೆತ್ತನೆ ಹಾಸು ಇದ್ದರೆ ಸಂಖ್ಯೆ ತಪ್ಪಾಗುತ್ತದೆ. ಯಂತ್ರ ಹಾಕಿ ಸೊನ್ನೆ ಬರುವವರೆಗೆ ಕಾಯಿರಿ. ಕುರ್ಚಿಗೆ ನೇತು ಹಾಕಿದ ಚೀಲ, ನೀರಿನ ಬಾಟಲಿ, ಮಡಿಲಲ್ಲಿರುವ ಫೋನು, ಹೊದಿಕೆ ಎಲ್ಲ ತೆಗೆಯಿರಿ. ಕುರ್ಚಿಯನ್ನು ಹಲಗೆಯ ನಡುವೆ ತಂದು ಬ್ರೇಕ್ ಹಾಕಿ. ನಾಲ್ಕೂ ಗಾಲಿ ಪೂರ್ತಿ ಒಳಗಿರಬೇಕು, ಹಿಂದೆ ಬೀಳದಂತೆ ತಡೆಯುವ ಪುಟ್ಟ ಗಾಲಿಗಳಿದ್ದರೆ ಅವೂ ಹೊರಗಿನ ನೆಲಕ್ಕೆ ತಾಗಬಾರದು. ಕಾಲು ಪಾದಪಟ್ಟಿಯ ಮೇಲಿರಲಿ. ನೀವು ಕೈ ಬಿಟ್ಟು ಒಂದು ಹೆಜ್ಜೆ ದೂರ ನಿಲ್ಲಿ, ಎಷ್ಟೋ ಸಲ ಹಿಡಿಯ ಮೇಲಿಟ್ಟ ಕೈ ಮರೆತೇ ಹೋಗಿರುತ್ತದೆ. ಮೈ ಅದುರುವವರಾದರೆ ಸಂಖ್ಯೆ ಕುಣಿಯುತ್ತಲೇ ಇರುತ್ತದೆ. ಕೆಲವು ಯಂತ್ರಗಳಲ್ಲಿ ಸರಾಸರಿ ಹಿಡಿದು ನಿಲ್ಲಿಸುವ ಗುಂಡಿ ಇದೆ, ಅದನ್ನು ಒತ್ತಿ. ಇಲ್ಲದಿದ್ದರೆ ಮೂರು ಸಲ ನೋಡಿ ನಡುವಿನದನ್ನು ಬರೆದುಕೊಳ್ಳಿ.

ಆಮೇಲೆ ಖಾಲಿ ಕುರ್ಚಿ. ಬಹಳ ಜನ ಎಡವುವುದು ಇಲ್ಲಿ. ಕುರ್ಚಿಯ ತೂಕವನ್ನು ಕಂಪನಿಯ ಕೈಪಿಡಿಯಿಂದ ತೆಗೆದುಕೊಳ್ಳಬೇಡಿ. ಕೈಪಿಡಿಯಲ್ಲಿರುವುದು ಎಷ್ಟೋ ಸಲ ಬ್ಯಾಟರಿ, ದಿಂಬು, ಪಾದಪಟ್ಟಿ ಬಿಟ್ಟ ತೂಕ. ಅದೇ ದಿನ, ಅದೇ ಯಂತ್ರದ ಮೇಲೆ, ಅದೇ ದಿಂಬು ಮತ್ತು ಬೆಲ್ಟಿನ ಸಮೇತ ಖಾಲಿ ಕುರ್ಚಿಯನ್ನೂ ತೂಗಿ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ಬ್ಯಾಟರಿ ಕುರ್ಚಿಗಳು ನೂರು ಕಿಲೋ ದಾಟುವುದು ಸಾಮಾನ್ಯ. 140 ಕಿಲೋ ಕುರ್ಚಿಯಲ್ಲಿ 60 ಕಿಲೋದ ಒಬ್ಬರು ಕೂತಿದ್ದಾರೆ ಎಂದುಕೊಳ್ಳಿ. ಯಂತ್ರ ನೂರಕ್ಕೆ ಒಂದರಷ್ಟು ಜಾಸ್ತಿ ತೋರಿಸುತ್ತಿದೆ. ಒಟ್ಟು 202 ಬರುತ್ತದೆ. ಕೈಪಿಡಿ ನೋಡಿ 140 ಕಳೆದರೆ 62, ಅಂದರೆ ಕುರ್ಚಿಯ ತಪ್ಪೂ ಸೇರಿ 2 ಕಿಲೋ ಪೂರ್ತಿ ಮನುಷ್ಯರ ಮೇಲೆ ಬಿತ್ತು. ಅದೇ ಯಂತ್ರದಲ್ಲಿ ಕುರ್ಚಿ ತೂಗಿದರೆ 141.4 ಬರುತ್ತದೆ, ಕಳೆದರೆ 60.6. ತಪ್ಪು ಹೆಚ್ಚುಕಡಿಮೆ ಹೋಯಿತು.

ಕೂತವರನ್ನು ಆಗಲೇ ಕುರ್ಚಿಯಿಂದ ಇಳಿಸಲು ಆಗದಿದ್ದರೆ ಖಾಲಿ ಕುರ್ಚಿಯ ತೂಕವನ್ನು ಒಂದು ಸಲ ಸರಿಯಾಗಿ ತೆಗೆದು, ಏನೇನು ಇಟ್ಟು ತೂಗಿದ್ದು ಎಂದು ಸಣ್ಣ ಚೀಟಿಯಲ್ಲಿ ಬರೆದು, ಕುರ್ಚಿಯ ಹಿಂಭಾಗಕ್ಕೇ ಅಂಟಿಸಿಬಿಡಿ. ದಿಂಬು ಬದಲಾಯಿತು, ತಲೆಗೆ ಆಸರೆ ಹಾಕಿಸಿದಿರಿ, ಬ್ಯಾಟರಿ ಹೊಸದು ಬಂತು ಎಂದರೆ ಚೀಟಿ ಹಳತಾಯಿತು, ಮತ್ತೆ ತೂಗಬೇಕು. ಅಚ್ಚು ತೆಗೆದು ಮಾಡಿಸಿದ ಆಸನ ಇರುವ ಮಕ್ಕಳಿಗೆ ಇದು ಪದೇ ಪದೇ ಆಗುತ್ತದೆ.

ವೀಲ್‌ಚೇರ್ ಯಂತ್ರ ಸಿಗದಿದ್ದರೆ

ಸ್ಲಿಂಗಿನಲ್ಲಿ ಎತ್ತಿ ದಾಟಿಸುವ ಯಂತ್ರ (ಲಿಫ್ಟ್) ಬಳಸುವವರಿಗೆ ತೂಕವನ್ನೂ ತೋರಿಸುವ ಲಿಫ್ಟ್ ಒಳ್ಳೆಯ ದಾರಿ. ಲಿಫ್ಟಿನ ಕೊಕ್ಕೆ ಮತ್ತು ಸ್ಲಿಂಗ್ ಕಟ್ಟುವ ಅಡ್ಡಪಟ್ಟಿಯ ನಡುವೆ ತೂಕದ ಸಾಧನ ಕೂರಿಸಿರುತ್ತಾರೆ. ಮೊದಲು ಖಾಲಿ ಸ್ಲಿಂಗ್ ನೇತು ಹಾಕಿ ಸೊನ್ನೆ ಮಾಡಿಕೊಳ್ಳಿ, ಆಮೇಲೆ ಅದೇ ಸ್ಲಿಂಗಿನಲ್ಲಿ ಅವರನ್ನು ಎತ್ತಿ. ಹಾಸಿಗೆಯಿಂದ ಪೂರ್ತಿ ಮೇಲೆ ಬಂದಿರಬೇಕು, ಹಿಮ್ಮಡಿ ಹಾಸಿಗೆಗೆ ಒರಗಿದ್ದರೂ ತೂಕ ಕಡಿಮೆ ತೋರಿಸುತ್ತದೆ. ಇನ್ನೊಬ್ಬರು ಪಕ್ಕದಲ್ಲಿರಲಿ, ಮುಟ್ಟಿ ಧೈರ್ಯ ಹೇಳಲಿ, ಓದುವ ಹೊತ್ತಿಗೆ ಮಾತ್ರ ಕೈ ತೆಗೆಯಲಿ. ಅವರನ್ನು ಹೇಗೂ ಹಾಸಿಗೆಯಿಂದ ಕುರ್ಚಿಗೆ ದಾಟಿಸುವ ಹೊತ್ತಿಗೇ ಇದನ್ನು ಮಾಡಿದರೆ ಬೇರೆ ಶ್ರಮವೇ ಇರುವುದಿಲ್ಲ.

ತೂಕ ತೋರಿಸುವ ಹಾಸಿಗೆ ಇರುವ ಕಡೆ ಒಂದು ಎಚ್ಚರ ಸಾಕು. ಸೊನ್ನೆ ಮಾಡಿದಾಗ ಹಾಸಿಗೆಯ ಮೇಲೆ ಏನೇನಿತ್ತೋ ತೂಗುವಾಗಲೂ ಅಷ್ಟೇ ಇರಬೇಕು. ಆಮೇಲೆ ಸೇರಿಸಿದ ಎರಡು ದಿಂಬು, ಕಂಬಿಗೆ ಸಿಕ್ಕಿಸಿದ ಪಂಪು ಎಲ್ಲವೂ ಮೈತೂಕಕ್ಕೆ ಸೇರಿಕೊಳ್ಳುತ್ತದೆ. ತೂಕ ತೋರಿಸುವ ಕುರ್ಚಿ ಎಂಬುದೂ ಇದೆ. ಕೂರಲು ಆಗುವವರಿಗೆ, ದಾಟಿಸಲು ಸುಲಭ ಇರುವವರಿಗೆ ಮಾತ್ರ ಅದು ಹೊಂದುತ್ತದೆ.

ಪುಟ್ಟ ಮಕ್ಕಳಿಗೆ ಹಳೆಯ ಉಪಾಯವೇ ಸಾಕು. ಮೊದಲು ನೀವೊಬ್ಬರೇ ಯಂತ್ರ ಹತ್ತಿ, ಆಮೇಲೆ ಮಗುವನ್ನು ಎತ್ತಿಕೊಂಡು ಹತ್ತಿ, ಕಳೆಯಿರಿ. ಮಗು ಬೆಳೆದ ಮೇಲೆ ಇದನ್ನು ನಿಲ್ಲಿಸಿಬಿಡಿ. ಕಾಲಿನ ಮೇಲೆ ಭಾರ ಹಾಕದೆ ಬೆಳೆದವರ ಮೂಳೆ ಒಳಗೇ ತೆಳುವಾಗಿರುತ್ತದೆ, ಎತ್ತುವಾಗ ಸ್ವಲ್ಪ ತಿರುಚಿದರೂ ಮುರಿಯಬಹುದು. ನಿಮ್ಮ ಬೆನ್ನೂ ಉಳಿಯಬೇಕಲ್ವಾ. ಇಬ್ಬರು ಎರಡು ಕಡೆ ಹಿಡಿದು ನಿಲ್ಲಿಸಿ ಸಾಮಾನ್ಯ ಯಂತ್ರದ ಮೇಲೆ ತೂಗುವುದೂ ಬೇಡ. ಹಿಡಿದ ಕೈಗಳೇ ಎಷ್ಟೋ ಭಾರ ಹೊರುತ್ತವೆ, ಬರುವ ಸಂಖ್ಯೆಗೆ ಅರ್ಥವಿಲ್ಲ, ಬಿದ್ದರೆ ಅಪಾಯ.

ತೂಗುವ ದಿನ

ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ. ಒಂದೇ ಹೊತ್ತು, ಹೆಚ್ಚುಕಡಿಮೆ ಒಂದೇ ಥರದ ಬಟ್ಟೆ. ಬೆಳಿಗ್ಗೆ ತಿಂಡಿಗೆ ಮೊದಲು ಆದರೆ ಒಳ್ಳೆಯದು, ಆದರೆ ಅದೇ ಆಗಬೇಕು ಅಂತಿಲ್ಲ. ಮಧ್ಯಾಹ್ನವಾದರೆ ಪ್ರತಿ ಸಲ ಮಧ್ಯಾಹ್ನ. ಮೂತ್ರದ ಚೀಲ ಖಾಲಿ ಮಾಡಿ, ಒಂದು ಲೀಟರ್ ಅಂದರೆ ಸುಮಾರು ಒಂದು ಕಿಲೋ. ಒದ್ದೆಯಾದ ಡೈಪರ್ ಬದಲಿಸಿ. ಕಾಲಿಗೆ, ಸೊಂಟಕ್ಕೆ ಹಾಕುವ ಪಟ್ಟಿ, ಸ್ಪ್ಲಿಂಟ್, ಭಾರದ ಬೂಟು ತೆಗೆಯಿರಿ. ತೆಗೆಯಲು ಆಗದ ಪ್ಲಾಸ್ಟರ್ ಇದ್ದರೆ "ಪ್ಲಾಸ್ಟರ್ ಸಮೇತ" ಎಂದು ಬರೆಯಿರಿ. ಮಲಬದ್ಧತೆ ಇವರಲ್ಲಿ ತುಂಬಾ ಸಾಮಾನ್ಯ, ಮಲ ಹೋಗಿ ನಾಲ್ಕೈದು ದಿನವಾಗಿದ್ದರೆ ಅದನ್ನೂ ಬರೆಯಿರಿ, ಸಂಖ್ಯೆ ಅದರಿಂದಲೂ ಏರಿರುತ್ತದೆ.

ತೂಕ ಸ್ಥಿರವಾಗಿರುವ ದೊಡ್ಡವರಿಗೆ ತಿಂಗಳಿಗೊಮ್ಮೆ ಸಾಕು. ಇಳಿಯುತ್ತಿದೆ ಅನಿಸಿದರೆ, ಕೊಳವೆಯಲ್ಲಿ ಆಹಾರ ಕೊಡಲು ಹೊಸದಾಗಿ ಶುರು ಮಾಡಿದ್ದರೆ, ವಾರಕ್ಕೊಮ್ಮೆ. ಹೃದಯದ ತೊಂದರೆ ಇದ್ದು ವೈದ್ಯರು ದಿನಾ ನೋಡಿ ಎಂದಿದ್ದರೆ ದಿನಾ. ಹಾಗೆ ಹೇಳದಿದ್ದರೆ ದಿನಾ ತೂಗಿ ತಲೆ ಕೆಡಿಸಿಕೊಳ್ಳಬೇಡಿ. ಅರ್ಧ ಕಿಲೋ ಅತ್ತಿತ್ತ ಆಗುವುದಕ್ಕೆ ನೀರು, ಊಟ, ಯಂತ್ರದ ಸಣ್ಣ ತಪ್ಪು ಇಷ್ಟೇ ಸಾಕು.

ಯಂತ್ರ ಸರಿಯಿದೆಯೇ ಎಂದು ಆಗಾಗ ಪರೀಕ್ಷಿಸಲು ನೀರೇ ಸಾಕು. ಖಾಲಿ ಕ್ಯಾನ್ ತೂಗಿ, ಅದಕ್ಕೆ ಅಳತೆ ಮಾಡಿ 20 ಲೀಟರ್ ನೀರು ತುಂಬಿ ಮತ್ತೆ ತೂಗಿ. 20 ಕಿಲೋ ಏರಬೇಕು. ಹಲಗೆಯ ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿ. ಒಂದೊಂದು ಮೂಲೆಗೆ ಒಂದೊಂದು ಸಂಖ್ಯೆ ಬಂದರೆ ರಿಪೇರಿ ಬೇಕು.

ಟೇಪಿನಿಂದ ರಟ್ಟೆಯ ಸುತ್ತಳತೆ

ಯಾವ ಯಂತ್ರವೂ ಸಿಗದವರು ಇಲ್ಲಿ ನಿಲ್ಲಿ, ಈ ಭಾಗ ನಿಮಗಾಗಿ. ದರ್ಜಿಗಳು ಬಳಸುವಂಥ, ಎಳೆದರೆ ಉದ್ದವಾಗದ ಟೇಪು ಇದ್ದರೆ ಸಾಕು. ಮಲಗಿದಲ್ಲೇ ಇರುವವರಿಗೂ ಇದು ಆಗುತ್ತದೆ.

ತೋಳು ಬರಿದಾಗಿರಲಿ. ಮೊಣಕೈಯನ್ನು ಮಡಚಿ, ಭುಜದ ತುದಿಯಲ್ಲಿ ಕೈಗೆ ಸಿಗುವ ಮೂಳೆಯಿಂದ ಮೊಣಕೈಯ ಮೊನೆಯವರೆಗೆ ಅಳೆಯಿರಿ. ಆ ಉದ್ದದ ಸರಿಯಾಗಿ ಅರ್ಧಕ್ಕೆ ಪೆನ್ನಿನಿಂದ ಗುರುತು ಹಾಕಿ. ಈಗ ಕೈಯನ್ನು ಸಡಿಲವಾಗಿ ಇಳಿಬಿಡಿ, ಆ ಗುರುತಿನ ಮೇಲೆ ಟೇಪು ಸುತ್ತಿ. ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಮಿಲಿಮೀಟರ್ ಸಮೇತ ಬರೆದುಕೊಳ್ಳಿ. ಕೈ ಮಡಚಿಕೊಂಡೇ ಬಿಗಿದುಹೋಗಿರುವವರಿಗೆ ಬಲವಂತವಾಗಿ ಬಿಡಿಸಬೇಡಿ. ಹೇಗಿದೆಯೋ ಹಾಗೇ ಅಳೆದು, ಪ್ರತಿ ಸಲ ಅದೇ ಭಂಗಿಯಲ್ಲಿ ಅಳೆದರೆ ಹೋಲಿಸಲು ಬರುತ್ತದೆ.

ದೊಡ್ಡವರಲ್ಲಿ ಈ ಅಳತೆ 23.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಬಿಎಂಐ (ಎತ್ತರಕ್ಕೆ ತೂಕ ಹೊಂದುತ್ತದೆಯೇ ಎಂದು ನೋಡುವ ಲೆಕ್ಕ) 20ಕ್ಕಿಂತ ಕೆಳಗಿರುವ ಸಾಧ್ಯತೆ, 32ಕ್ಕಿಂತ ಜಾಸ್ತಿ ಇದ್ದರೆ ಬಿಎಂಐ 30 ದಾಟಿರುವ ಸಾಧ್ಯತೆ ಎಂದು ಪೋಷಣೆ ತಪಾಸಣೆಯಲ್ಲಿ ಲೆಕ್ಕ ಹಿಡಿಯುತ್ತಾರೆ. ಇದು ಎಲ್ಲರಿಗೂ ಹೊಂದುವುದಿಲ್ಲ. ದಿನವಿಡೀ ಕೈಯಿಂದಲೇ ಗಾಲಿ ತಳ್ಳುವವರ ರಟ್ಟೆ ಗಟ್ಟಿಯಾಗಿ ತುಂಬಿಕೊಂಡಿರುತ್ತದೆ, ಕಾಲು ಸೊರಗಿದ್ದರೂ ರಟ್ಟೆ ಅದನ್ನು ಹೇಳುವುದಿಲ್ಲ. ಪಾರ್ಶ್ವವಾಯು ಆದ ಕಡೆಯ ಕೈ ತೆಳುವಾಗಿರುತ್ತದೆ. ಅದಕ್ಕೇ ಒಂದೇ ಕೈ ಆರಿಸಿಕೊಂಡು, ಎಡವೋ ಬಲವೋ ಎಂದು ಬರೆದಿಟ್ಟು, ಬದಲಾವಣೆಯನ್ನು ನೋಡಿ. ಸುತ್ತಳತೆ ನೂರಕ್ಕೆ ಹತ್ತರಷ್ಟು ಇಳಿದಿದ್ದರೆ, ಉದಾಹರಣೆಗೆ 28 ಇದ್ದದ್ದು 25.2 ಆಗಿದ್ದರೆ, ತೂಕವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಅಥವಾ ಜಾಸ್ತಿಯೇ ಇಳಿದಿರುತ್ತದೆ. ಅದು ಸಣ್ಣ ವಿಷಯ ಅಲ್ಲ. ಅಳೆಯುವವರು ಬದಲಾದರೆ ಅಳತೆಯೂ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಆದಷ್ಟು ಒಬ್ಬರೇ ಅಳೆಯಿರಿ.

ಮೀನಖಂಡದ ಸುತ್ತಳತೆಯನ್ನೂ ಕೆಲವು ಕಡೆ ನೋಡುತ್ತಾರೆ. ಕಾಲಿನ ಸ್ನಾಯು ಮೊದಲೇ ಸೊರಗಿದ್ದರೆ, ಇಲ್ಲವೇ ಪಾದ ಊದಿಕೊಳ್ಳುತ್ತಿದ್ದರೆ ಅದು ದಾರಿ ತಪ್ಪಿಸುತ್ತದೆ. ನಾನಾದರೆ ಅದನ್ನು ಬಿಟ್ಟುಬಿಡುತ್ತೇನೆ.

ಬಿಎಂಐ ಎಂಬ ಲೆಕ್ಕ

ಬಿಎಂಐ ಹಾಕಲು ಎತ್ತರ ಬೇಕು. ನಿಲ್ಲಲು ಆಗದವರ, ಬೆನ್ನು ಬಾಗಿದವರ, ಮೊಣಕಾಲು ಮಡಚಿಕೊಂಡೇ ಇರುವವರ ಎತ್ತರ ಅಳೆಯುವುದು ಹೇಗೆ? ಮೊಣಕೈ ಮೊನೆಯಿಂದ ಮಣಿಕಟ್ಟಿನ ಉಬ್ಬಿದ ಮೂಳೆಯವರೆಗಿನ ಉದ್ದದಿಂದ, ಅಥವಾ ಹಿಮ್ಮಡಿಯಿಂದ ಮೊಣಕಾಲಿನವರೆಗಿನ ಉದ್ದದಿಂದ ಎತ್ತರ ಅಂದಾಜು ಮಾಡುವ ಪಟ್ಟಿಗಳು ಡಯಟೀಷಿಯನ್ (ಆಹಾರ ತಜ್ಞರು) ಬಳಿ ಇರುತ್ತವೆ. ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಚಲನೆಗೆ ತೊಂದರೆ) ಇರುವ 2ರಿಂದ 12 ವರ್ಷದ ಮಕ್ಕಳಿಗೆ ಬಳಸುವ ಒಂದು ಸೂತ್ರ ಹೀಗಿದೆ: ಮೊಣಕಾಲಿನ ಎತ್ತರವನ್ನು 2.69ರಿಂದ ಗುಣಿಸಿ, ಅದಕ್ಕೆ 24.2 ಸೇರಿಸಿ. ಎಲ್ಲ ಸೆಂಟಿಮೀಟರಿನಲ್ಲೇ. ಮೊಣಕಾಲಿನ ಎತ್ತರ 30 ಇದ್ದರೆ ಎತ್ತರ ಸುಮಾರು 105.

ಇಷ್ಟೆಲ್ಲ ಮಾಡಿ ಬಿಎಂಐ ಹಾಕಿದರೂ ಅದನ್ನು ಹಾಗೇ ನಂಬಬಾರದು. ಬೆನ್ನುಹುರಿ ಪೆಟ್ಟಾದವರಲ್ಲಿ ಸ್ನಾಯು ಕರಗಿ ಆ ಜಾಗದಲ್ಲಿ ಕೊಬ್ಬು ಸೇರಿಕೊಳ್ಳುತ್ತದೆ. ಸ್ನಾಯುವಿಗಿಂತ ಕೊಬ್ಬು ಹಗುರ. ಹಾಗಾಗಿ ತೂಕ "ಸರಿಯಾಗಿದೆ" ಅನ್ನಿಸುವಾಗಲೇ ಕೊಬ್ಬು ಜಾಸ್ತಿ ಇರುತ್ತದೆ. ಇವರಿಗೆ ಬಿಎಂಐ 22 ದಾಟಿದರೇ ಬೊಜ್ಜು ಎಂದು ಲೆಕ್ಕ ಹಿಡಿಯಬೇಕು ಎನ್ನುವ ಸಲಹೆ ವೈದ್ಯರ ಮಾರ್ಗಸೂಚಿಗಳಲ್ಲೇ ಇದೆ, ಬೇರೆಯವರಿಗೆ ಹಾಕುವ 30 ಅಲ್ಲ. ಇವರಿಗೆ ಇರಬೇಕಾದ ತೂಕವನ್ನು ಸಹ ಕಡಿಮೆ ಮಾಡಿಯೇ ಹೇಳುತ್ತಾರೆ. ಕಾಲುಗಳ ಸ್ವಾಧೀನ ಮಾತ್ರ ತಪ್ಪಿದವರಿಗೆ ನೂರಕ್ಕೆ 5ರಿಂದ 10 ಕಡಿಮೆ, ಕೈಕಾಲು ನಾಲ್ಕರ ಸ್ವಾಧೀನವೂ ತಪ್ಪಿದವರಿಗೆ 10ರಿಂದ 15 ಕಡಿಮೆ.

ಕೈ ಅಥವಾ ಕಾಲು ಕಳೆದುಕೊಂಡವರಿಗೆ ಬೇರೆ ಲೆಕ್ಕ. ಒಂದು ಪೂರ್ತಿ ಕಾಲು ಮೈತೂಕದ ಸುಮಾರು ನೂರಕ್ಕೆ 16, ಮೊಣಕಾಲಿನಿಂದ ಕೆಳಗೆ ಸುಮಾರು 6, ಪೂರ್ತಿ ಕೈ 5. ಮೊಣಕಾಲಿನಿಂದ ಕೆಳಗೆ ಒಂದು ಕಾಲು ಇಲ್ಲದವರು 50 ಕಿಲೋ ಇದ್ದರೆ 50ನ್ನು 0.94ರಿಂದ ಭಾಗಿಸಿ, 53 ಬರುತ್ತದೆ. ಬಿಎಂಐಗೆ ಆ 53 ಬಳಸಿ. ಔಷಧಿಯ ಪ್ರಮಾಣಕ್ಕೆ ಯಾವ ಸಂಖ್ಯೆ ಎಂದು ವೈದ್ಯರೇ ಹೇಳಲಿ, ಇದನ್ನು ನಾವು ನಿರ್ಧರಿಸುವುದು ಬೇಡ.

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳನ್ನು ಬೇರೆ ಮಕ್ಕಳ ಬೆಳವಣಿಗೆ ಪಟ್ಟಿಯಲ್ಲಿಟ್ಟು ನೋಡಿ ಅಪ್ಪ ಅಮ್ಮ ಕೊರಗುತ್ತಾರೆ. ಈ ಮಕ್ಕಳಿಗೇ ಅಂತ, ಎಷ್ಟು ಓಡಾಡಬಲ್ಲರು ಎಂಬುದರ ಮೇಲೆ ಬೇರೆ ಬೇರೆಯಾಗಿ ಮಾಡಿದ ಪಟ್ಟಿಗಳು ಇವೆ. ಮಕ್ಕಳ ವೈದ್ಯರ ಬಳಿ ಅವನ್ನು ಕೇಳಿ ನೋಡಿ. ಅದರಲ್ಲಿ ತೀರಾ ಕೆಳಗಿರುವ ಮಕ್ಕಳಿಗೆ ಕಾಯಿಲೆ ಬೀಳುವ ಅಪಾಯ ಜಾಸ್ತಿ, ಆದ್ದರಿಂದ "ಇಂಥ ಮಕ್ಕಳು ಸಣ್ಣಗೇ ಇರುತ್ತಾರೆ" ಎಂಬ ಮಾತು ಕೇಳಿ ಸುಮ್ಮನಾಗಬೇಡಿ.

ಬರೆದಿಟ್ಟದ್ದನ್ನು ಓದುವುದು

ಒಂದು ನೋಟ್‌ಬುಕ್ ಸಾಕು. ದಿನಾಂಕ, ಯಾವ ಯಂತ್ರ, ಒಟ್ಟು ತೂಕ, ಕುರ್ಚಿಯ ತೂಕ, ಮೈತೂಕ, ರಟ್ಟೆಯ ಅಳತೆ, ಪಕ್ಕದಲ್ಲಿ ಎರಡು ಮಾತು: ಜ್ವರ ಇತ್ತು, ಔಷಧಿ ಬದಲಾಯಿತು, ಪಾದ ಊದಿದೆ, ಹೀಗೆ. ಕಳೆದ ಮೇಲೆ ಉಳಿದದ್ದನ್ನು ಮಾತ್ರ ಬರೆಯಬೇಡಿ, ಮೂರೂ ಸಂಖ್ಯೆ ಬರೆದರೆ ಮುಂದೆ ತಪ್ಪು ಹುಡುಕಲು ಆಗುತ್ತದೆ.

ಇಳಿದದ್ದು ಎಷ್ಟು ಎಂದು ಕಿಲೋದಲ್ಲಿ ನೋಡಿದರೆ ಸಾಲದು, ನೂರಕ್ಕೆ ಎಷ್ಟು ಎಂದು ನೋಡಿ. ಮೊದಲಿದ್ದ ತೂಕದಿಂದ ಈಗಿನದನ್ನು ಕಳೆದು, ಮೊದಲಿದ್ದ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿ. 40 ಕಿಲೋ ಇದ್ದವರು 2 ಕಿಲೋ ಇಳಿದರೆ ನೂರಕ್ಕೆ 5 ಹೋಯಿತು. ಅದೇ 2 ಕಿಲೋ 80 ಕಿಲೋದವರಿಗೆ ಅಷ್ಟೇನೂ ಅಲ್ಲ. ಇಳಿಸಬೇಕು ಎಂದುಕೊಳ್ಳದೆ ಮೂರರಿಂದ ಆರು ತಿಂಗಳಲ್ಲಿ ನೂರಕ್ಕೆ 5 ಇಳಿದರೆ ವೈದ್ಯರಿಗೆ ತೋರಿಸಿ. 10 ದಾಟಿದರೆ ತಡ ಮಾಡಲೇಬೇಡಿ.

ಹೋಗುವ ಮೊದಲು ಮನೆಯಲ್ಲೇ ಕಾರಣ ಹುಡುಕಿ ನೋಡಿ, ವೈದ್ಯರು ಕೇಳುವುದೂ ಇದನ್ನೇ. ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತಿದೆ? ಅರ್ಧ ಗಂಟೆಗಿಂತ ಜಾಸ್ತಿ ಎಳೆಯುತ್ತಿದ್ದರೆ, ಮಧ್ಯೆ ಕೆಮ್ಮು ಬರುತ್ತಿದ್ದರೆ, ಕುಡಿದ ಮೇಲೆ ಸ್ವರ ಗೊರಗೊರ ಎನ್ನುತ್ತಿದ್ದರೆ ನುಂಗುವುದರಲ್ಲಿ ತೊಂದರೆ ಇರಬಹುದು. ಆಗಾಗ ಎದೆಯಲ್ಲಿ ಸೋಂಕು ಆಗುತ್ತಿದ್ದರೂ ಅದೇ ಅನುಮಾನ ಬರಬೇಕು. ಹಲ್ಲು ನೋವಿದೆಯೇ, ಬಾಯಲ್ಲಿ ಹುಣ್ಣಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಒಂದೇ ಕಡೆ ಒತ್ತಿ ಒತ್ತಿ ಆಗುವ ಒತ್ತಡದ ಹುಣ್ಣು ಎಲ್ಲಾದರೂ ಆಗಿದೆಯೇ? ಗಾಯ ಮಾಯಲು ಮೈಗೆ ತುಂಬಾ ಶಕ್ತಿ, ಪ್ರೋಟೀನ್ ಬೇಕು. ಫಿಟ್ಸ್‌ಗೆ ಕೊಡುವ ಟೋಪಿರಾಮೇಟ್‌ನಂಥ ಔಷಧಿ ಹೊಸದಾಗಿ ಶುರುವಾಗಿದೆಯೇ? ಅದು ಹಸಿವು ಕಡಿಮೆ ಮಾಡುತ್ತದೆ. ಮನಸ್ಸು ಕುಗ್ಗಿದೆಯೇ? ಇನ್ನೊಂದು, ಯಾರೂ ಕೇಳದ ಪ್ರಶ್ನೆ: ಊಟ ಮಾಡಿಸುವವರು ಬದಲಾಗಿದ್ದಾರೆಯೇ? ಹೊಸಬರು ಅವಸರ ಮಾಡಿದರೆ, ಪ್ರತಿ ಊಟದಲ್ಲಿ ಸ್ವಲ್ಪ ಉಳಿದರೆ, ಎರಡು ತಿಂಗಳಲ್ಲಿ ತೂಕ ಅದನ್ನು ತೋರಿಸುತ್ತದೆ. ನೀರು ಕುಡಿದರೆ ಮೂತ್ರಕ್ಕೆ ಪದೇ ಪದೇ ಕರೆಯಬೇಕಾಗುತ್ತದೆ, ಬೇರೆಯವರಿಗೆ ತೊಂದರೆ ಎಂದು ತಾವಾಗಿಯೇ ಕಡಿಮೆ ಕುಡಿಯುವವರು, ಕಡಿಮೆ ತಿನ್ನುವವರೂ ಇದ್ದಾರೆ. ಅದನ್ನು ಪ್ರೀತಿಯಿಂದ ಕೇಳಿ ತಿಳಿದುಕೊಳ್ಳಬೇಕು.

ಕೆಲವು ಕಾಯಿಲೆಗಳಲ್ಲಿ ಇನ್ನೂ ಬೇಗ ಎಚ್ಚರ ಬೇಕು. ಸ್ನಾಯು ನಡೆಸುವ ನರಗಳು ಸಾಯುತ್ತಾ ಹೋಗುವ ಮೋಟರ್ ನ್ಯೂರಾನ್ ಕಾಯಿಲೆಯಲ್ಲಿ ತೂಕ ಬೇಗ ಇಳಿದಷ್ಟೂ ಕಾಯಿಲೆಯ ಓಟ ಜೋರು. ಹೊಟ್ಟೆಗೆ ನೇರವಾಗಿ ಆಹಾರದ ಕೊಳವೆ ಹಾಕಿಸುವ ಮಾತು ಬಂದರೆ ಮುಂದೂಡುತ್ತಾ ಹೋಗಬೇಡಿ, ಉಸಿರಾಟದ ಶಕ್ತಿ ಕುಗ್ಗಿದ ಮೇಲೆ ಅದನ್ನು ಹಾಕುವ ಅಪಾಯ ಹೆಚ್ಚುತ್ತದೆ. ಚಿಕ್ಕಂದಿನಿಂದಲೇ ಸ್ನಾಯು ಕ್ಷೀಣಿಸುತ್ತಾ ಹೋಗುವ ಡುಶೇನ್ ಮಸ್ಕ್ಯುಲರ್ ಡಿಸ್ಟ್ರೋಫಿಯಲ್ಲಿ ಸ್ಟೀರಾಯ್ಡ್‌ನಿಂದ ಚಿಕ್ಕ ವಯಸ್ಸಿನಲ್ಲಿ ತೂಕ ಏರಿ, ದೊಡ್ಡವರಾದ ಮೇಲೆ ನುಂಗಲು ಕಷ್ಟವಾಗಿ ಇಳಿಯುವುದುಂಟು. ಮೈ ತಾನಾಗಿ ಅಲುಗಾಡುತ್ತಲೇ ಇರುವ ಥರದ ಸೆರೆಬ್ರಲ್ ಪಾಲ್ಸಿ ಇರುವವರಿಗೆ ಆ ಚಲನೆಯಲ್ಲೇ ತುಂಬಾ ಶಕ್ತಿ ಖರ್ಚಾಗುತ್ತದೆ, ಚೆನ್ನಾಗಿ ತಿಂದರೂ ಮೈ ಹಿಡಿಯುವುದಿಲ್ಲ.

ತೀರಾ ಸೊರಗಿದವರಿಗೆ ಗಾಬರಿಯಿಂದ ಒಮ್ಮೆಲೇ ಜಾಸ್ತಿ ಕೊಡಲು ಹೋಗಬೇಡಿ. ಬಹಳ ದಿನ ಅರೆಹೊಟ್ಟೆ ಇದ್ದ ಮೈಗೆ ಒಮ್ಮೆಲೇ ಆಹಾರ ಸುರಿದರೆ ರಕ್ತದ ಲವಣಗಳು ಏರುಪೇರಾಗಿ ಜೀವಕ್ಕೇ ಕುತ್ತು ಬರಬಹುದು. ವೈದ್ಯರ, ಡಯಟೀಷಿಯನ್ ಅವರ ಮಾತಿನಂತೆ ಮೆಲ್ಲಗೆ ಏರಿಸಬೇಕು.

ತೂಕ ನಿಧಾನವಾಗಿ ಏರುತ್ತಿದ್ದರೆ ಓಡಾಟ ಕಡಿಮೆಯಾಗಿರುವುದು, ವ್ಯಾಲ್ಪ್ರೋಯೇಟ್ (ಫಿಟ್ಸ್ ಔಷಧಿ) ಅಥವಾ ಸ್ಟೀರಾಯ್ಡ್‌ನಂಥ ಔಷಧಿ, ಮೈಯ ಬಿಗಿತ ಇಳಿಸುವ ಚಿಕಿತ್ಸೆ, ಇವುಗಳಲ್ಲಿ ಒಂದು ಕಾರಣ ಇರಬಹುದು. ಕೊಳವೆಯಲ್ಲಿ ಆಹಾರ ತೆಗೆದುಕೊಳ್ಳುವವರಾದರೆ ವರ್ಷಗಳ ಹಿಂದೆ ಬರೆದುಕೊಟ್ಟ ಪ್ರಮಾಣವೇ ಇನ್ನೂ ನಡೆಯುತ್ತಿದೆಯೇ ನೋಡಿ. ಫಿಟ್ಸ್ ಔಷಧಿಯನ್ನಾಗಲಿ ಸ್ಟೀರಾಯ್ಡನ್ನಾಗಲಿ ನೀವಾಗಿ ನಿಲ್ಲಿಸಬೇಡಿ. ಊಟವನ್ನು ಒಮ್ಮೆಲೇ ಅರ್ಧ ಮಾಡುವುದೂ ಬೇಡ, ಇರುವ ಸ್ವಲ್ಪ ಸ್ನಾಯುವೂ ಕರಗುತ್ತದೆ, ಚರ್ಮ ಸೋಲುತ್ತದೆ.

ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕೂತಿರುವವರಲ್ಲಿ ಪಾದ ಊದುತ್ತದೆ. ಮಲಗಿಯೇ ಇರುವವರಲ್ಲಿ ನೀರು ಸೊಂಟದ ಹಿಂಭಾಗಕ್ಕೆ ಇಳಿಯುತ್ತದೆ, ಅಲ್ಲಿ ಬೆರಳಿಂದ ಒತ್ತಿ ನೋಡಿ, ಕುಳಿ ಉಳಿದರೆ ಊತ ಇದೆ. ಅದರ ಜೊತೆ ಏದುಸಿರು ಇದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ. ಒಂದೇ ಕಾಲು ಊದಿ ಬಿಸಿಯಾಗಿದ್ದರೂ ಹಾಗೇ, ರಕ್ತ ಹೆಪ್ಪುಗಟ್ಟಿರಬಹುದು.

ತೂಕ ಬದಲಾದ ಮೇಲೆ

ಮೈ ಬದಲಾದರೆ ಸುತ್ತಲಿನ ಸಾಮಾನೂ ಬದಲಾಗಬೇಕು, ಇದನ್ನು ಮರೆಯುವವರೇ ಜಾಸ್ತಿ. ಐದಾರು ಕಿಲೋ ಇಳಿದವರ ಪೃಷ್ಠದ ಮೂಳೆ ಈಗ ದಿಂಬಿಗೆ ನೇರವಾಗಿ ಒತ್ತುತ್ತಿರುತ್ತದೆ, ಸ್ಲಿಂಗ್ ಸಡಿಲವಾಗಿ ಜಾರುವ ಹಾಗಿರುತ್ತದೆ. ಏರಿದವರಿಗೆ ಕುರ್ಚಿಯ ಪಕ್ಕದ ಪಟ್ಟಿ ತೊಡೆಗೆ ಉಜ್ಜುತ್ತದೆ, ಬೆಲ್ಟು ಹೊಟ್ಟೆ ಒತ್ತುತ್ತದೆ. ಲಿಫ್ಟ್, ಸ್ಲಿಂಗ್, ಕಮೋಡ್ ಕುರ್ಚಿ, ಸ್ನಾನದ ಕುರ್ಚಿ ಪ್ರತಿಯೊಂದರ ಮೇಲೂ ಎಷ್ಟು ಕಿಲೋ ತಡೆಯುತ್ತದೆ ಎಂದು ಅಚ್ಚಾಗಿರುತ್ತದೆ. ಅವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಇರುವ ಸಂಖ್ಯೆಯನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಗಾಳಿ ಹಾಸಿಗೆಯ ಪಂಪಿನಲ್ಲಿ ತೂಕಕ್ಕೆ ತಕ್ಕಂತೆ ತಿರುಗಿಸುವ ಗುಂಡಿ ಇರುತ್ತದೆ, ಅದನ್ನು ಈಗಿನ ತೂಕಕ್ಕೆ ತನ್ನಿ.

ಆಸ್ಪತ್ರೆಗೆ ಸೇರಿಸುವಾಗ ನೋಟ್‌ಬುಕ್ ಜೊತೆಯಲ್ಲಿರಲಿ. ಅಲ್ಲಿ ಯಾರಾದರೂ ಕಣ್ಣಳತೆಯಲ್ಲಿ ಬರೆಯಲು ಹೊರಟರೆ ಪುಟ ತೆರೆದು ದಿನಾಂಕ ಸಮೇತ ತೋರಿಸಿ, ಸಾಧ್ಯವಾದರೆ ಅಲ್ಲೇ ತೂಗಿ ಎಂದು ಕೇಳಿ. ಬಿಡುಗಡೆಯ ದಿನ ಇನ್ನೊಮ್ಮೆ ತೂಗಿಸಿಕೊಂಡೇ ಹೊರಡಿ. ಒಳಗಿದ್ದ ದಿನಗಳಲ್ಲಿ ಎಷ್ಟು ಇಳಿದರು ಎಂದು ತಿಳಿದರೆ ಮನೆಯಲ್ಲಿ ಮುಂದಿನ ಊಟದ ಲೆಕ್ಕ ಅಲ್ಲಿಂದ ಶುರು ಮಾಡಬಹುದು.